ಬಾಲ್ಯದ ಮನೆ ನಕ್ಷೆಯೊಳಗೆ ಬಂದು ಕೂತರೆ: ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು?

ರಸಮಟ್ಟ
ವಾಸ್ತುಶಿಲ್ಪಿಗಳ ಸಂದರ್ಶನ ಯಾವುದನ್ನು ತೆಗೆದರೂ ಎಲ್ಲೋ ಒಂದು ಕಡೆ ಬಾಲ್ಯದ ಮನೆ ಬಂದೇ ಬರುತ್ತದೆ. ಅಂಗಳದ ಬೆಳಕು, ಅಟ್ಟದ ಕತ್ತಲೆ, ಮಳೆಯ ಸದ್ದು. ಅಷ್ಟಕ್ಕೇ ಮಾತು ಮುಗಿಯುತ್ತದೆ. ಆ ಬೆಳಕು ಎಷ್ಟು ಎತ್ತರದ ಕಿಟಕಿಯಿಂದ ಬರುತ್ತಿತ್ತು, ಅದನ್ನು ಇನ್ನೊಬ್ಬರ ಮನೆಯ ನಕ್ಷೆಗೆ ತಂದರೆ ಏನು ಕೆಡುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಇಲ್ಲಿ ಚರ್ಚೆ ಮಿಲಿಮೀಟರಿನ ಮಟ್ಟಕ್ಕೆ ಇಳಿಯಲಿ ಎಂಬ ಆಸೆ. ನೆನಪು ನಕ್ಷೆಯೊಳಗೆ ಹೇಗೆ ನುಸುಳುತ್ತದೆ, ನುಸುಳಿದ್ದನ್ನು ಹೇಗೆ ಪತ್ತೆ ಹಚ್ಚುವುದು, ಹಚ್ಚಿದ ಮೇಲೆ ಏನು ಮಾಡುವುದು? ಸ್ವಂತ ಮನೆಯ ಕತೆಗಳು ಬೇಡ, ಕೆಲಸಕ್ಕೆ ಬರುವ ಮಾತು ಬರಲಿ.

ತೂಗುಗುಂಡು
ಮೊದಲ ತಪ್ಪು ಆಗುವುದೇ ಅಳತೆಯಲ್ಲಿ. ಬಾಲ್ಯದ ಮನೆಯನ್ನು ಅಳೆದಿಟ್ಟುಕೊಂಡಿರುವುದು ಮಗುವಿನ ಮೈ, ನಕ್ಷೆ ಬರೆಯುವುದು ದೊಡ್ಡವರ ಕೈ.

ಏಳು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 110 ಸೆಂಮೀ ಎತ್ತರದಲ್ಲಿರುತ್ತದೆ. ನಿಂತಿರುವ ದೊಡ್ಡವರದ್ದು ಹತ್ತಿರಹತ್ತಿರ 155. ಮಾಮೂಲಿ 2.7 ಮೀಟರ್ ಸೀಲಿಂಗ್ ಆ ಮಗುವಿಗೆ ತನ್ನ ಕಣ್ಣೆತ್ತರದ ಎರಡೂವರೆ ಪಟ್ಟು ಕಾಣುತ್ತದೆ. ಅದೇ ಪ್ರಮಾಣ ನಿಂತ ದೊಡ್ಡವರಿಗೂ ಸಿಗಬೇಕೆಂದರೆ ಸೀಲಿಂಗ್ 3.8 ಮೀಟರಿಗೆ ಹೋಗಬೇಕು. "ಆ ಮನೆ ಎಷ್ಟು ಎತ್ತರವಿತ್ತು!" ಎಂಬ ನೆನಪಿನಿಂದ ಬರೆದ ನಕ್ಷೆಗಳಲ್ಲಿ ಈ ಹೆಚ್ಚುವರಿ ಒಂದು ಮೀಟರ್ ಹೀಗೇ ಸೇರಿಕೊಳ್ಳುವುದು. ಬೆಲೆ ತೆರುವುದು ಮೆಟ್ಟಿಲು. ಸ್ಲ್ಯಾಬಿನ 15 ಸೆಂಮೀ ಸೇರಿಸಿ ಸುಮಾರು 165 ಮಿಮೀ ಎತ್ತರದ ಮೆಟ್ಟಿಲು ಇಟ್ಟರೆ 17 ಸಾಲುತ್ತಿದ್ದದ್ದು 24 ಬೇಕಾಗುತ್ತದೆ. ಪ್ರತಿ ಮೆಟ್ಟಿಲಿನಲ್ಲಿ ಕಾಲಿಡುವ ಜಾಗ 280 ಮಿಮೀ ಎಂದರೆ ನೇರ ಮೆಟ್ಟಿಲ ಸಾಲು ಸುಮಾರು ಎರಡು ಮೀಟರ್ ಹೆಚ್ಚು ಉದ್ದವಾಗುತ್ತದೆ. ಆ ಎರಡು ಮೀಟರನ್ನು ಯಾವ ಕೋಣೆಯಿಂದ ಕದಿಯುತ್ತೀರಿ?

ಸೀಲಿಂಗ್ ಏರಿಸುವ ಬದಲು ಕಣ್ಣನ್ನು ಇಳಿಸಿ. ಕೂತವರ ಕಣ್ಣು ಆಸನದಿಂದ ಸುಮಾರು 77 ಸೆಂಮೀ ಮೇಲಿರುತ್ತದೆ. ಆಸನ 30 ಸೆಂಮೀ ಇದ್ದರೆ ಕಣ್ಣು 107ಕ್ಕೆ ಬಂತು, ಅಂದರೆ ಆ ಏಳು ವರ್ಷದ ಮಗುವಿನ ಜಾಗಕ್ಕೇ. ಅದೇ 2.7 ಮೀಟರ್ ಕೋಣೆಯಲ್ಲಿ ಒಂದು ತಗ್ಗಿನ ಕಟ್ಟೆ ಇಟ್ಟರೆ ಹಳೆಯ ಎತ್ತರ ಪುಕ್ಕಟೆ ಸಿಗುತ್ತದೆ. ಆದರೆ ಅಷ್ಟು ತಗ್ಗಿನಿಂದ ಮೇಲೇಳಲು ವಯಸ್ಸಾದವರ ಮೊಣಕಾಲು ಒಪ್ಪುವುದಿಲ್ಲ, ಪಕ್ಕದಲ್ಲಿ 45 ಸೆಂಮೀ ಆಸನವೂ ಇರಲಿ.

ಉದ್ದವೂ ಇದೇ ರೀತಿ ಮೋಸ ಮಾಡುತ್ತದೆ. ಮಗುವಿನ ಹೆಜ್ಜೆ ಅರ್ಧ ಮೀಟರಿನ ಆಸುಪಾಸು, ದೊಡ್ಡವರದ್ದು 70-75 ಸೆಂಮೀ. ಆಗ 18 ಹೆಜ್ಜೆಯಾಗಿದ್ದ ಓಣಿ ಈಗ 12-13 ಹೆಜ್ಜೆ.

ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಬರೆದುಕೊಂಡಿರುವ ಬಿಳಿ ಮೇಜಿನ ಮಾತು ಇಲ್ಲಿ ನೆನಪಾಗುತ್ತದೆ. ಅವರ ತಂದೆ ಭೂಮಾಪಕರು. ಮನೆಯ ದೊಡ್ಡ ಮೇಜಿನ ಮೇಲೆ ಸಹಾಯಕರು ನಕ್ಷೆ ಬರೆಯುತ್ತಿದ್ದರೆ, ಅದರ ಕೆಳಗಿನ ಜಾಗ ಅಂಬೆಗಾಲಿಡುವ ಹುಡುಗನ ಲೋಕ. ಒಂದೇ ಮೇಜು, ಎರಡು ಅಂತಸ್ತು.

ಅರೆಇಟ್ಟಿಗೆ
ಲೆಕ್ಕಕ್ಕೆ ಎರಡು ಮಾತಿಲ್ಲ. ನನ್ನ ತಕರಾರು ಬುಡದಲ್ಲೇ ಇದೆ. ಈ ಬಾಲ್ಯದ ಕತೆಗಳೆಲ್ಲ ಹೆಸರು ಬಂದ ಮೇಲೆ ಹೇಳಿದವು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರನ್ನೇ ತಗೊಳ್ಳಿ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ತಾಯಿ ಫ್ರೋಬೆಲ್ ಆಟಿಕೆಗಳನ್ನು (ಶಿಶುವಿಹಾರದ ಜನಕ ಫ್ರೋಬೆಲ್ ರೂಪಿಸಿದ ಕಲಿಕೆಯ ಆಟಿಕೆಗಳು) ಕಂಡರು, ಆ ಮೇಪಲ್ ಮರದ ತುಂಡುಗಳು ಕೊನೆಯವರೆಗೂ ಬೆರಳಲ್ಲಿ ಉಳಿದವು ಅಂತ ಅವರೇ ಹೇಳಿಕೊಂಡರು. ಹುಟ್ಟಿದ ವರ್ಷ 1867 ಆಗಿದ್ದರೂ 1869 ಅಂತ ಹೇಳಿಕೊಂಡು ಓಡಾಡಿದ ಮನುಷ್ಯ ಅವರು! ಅದೇ ಆಟಿಕೆಗಳಲ್ಲಿ ಆಡಿದ ಮಕ್ಕಳು ಎಷ್ಟು ಸಾವಿರವೋ, ಅವರಲ್ಲಿ ರೈಟ್ ಆದವರು ಒಬ್ಬರೇ. ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಒಂದೇ ಥರ ಮನೆ ಕಟ್ಟುತ್ತಾರಾ? ಹೀಗಿರುವಾಗ ಬಾಲ್ಯದ ಮನೆ "ರೂಪಿಸಿತು" ಅನ್ನುವುದಕ್ಕೆ ಪುರಾವೆ ಎಲ್ಲಿದೆ?

ಸೂರಂಚು
ಅರೆಇಟ್ಟಿಗೆ ಅವರೇ, ಅರ್ಧ ಒಪ್ಪಿದೆ. ಕತೆಯನ್ನು ನಂಬಬೇಡಿ, ಕಟ್ಟಡಗಳನ್ನು ತಾರೀಖಿನ ಸಾಲಿನಲ್ಲಿ ಇಟ್ಟು ನೋಡಿ.

ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರ್ರಾಗಾನ್ ಹುಟ್ಟಿದ್ದು 1902ರಲ್ಲಿ, ಬಾಲ್ಯದ ಬಹುಪಾಲು ಕಳೆದದ್ದು ಮಜಮಿಟ್ಲಾ ಎಂಬ ಹಳ್ಳಿಯ ಬಳಿಯ ಮನೆತನದ ತೋಟದಲ್ಲಿ. 1980ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಸ್ವೀಕರಿಸುವಾಗ ತನ್ನ ಕೆಲಸದ ತಳದಲ್ಲಿ ಆ ತೋಟದ ನೆನಪಿದೆ ಎಂದರು. ಸರಿ. ಆದರೆ 1930ರ ದಶಕದ ಕೊನೆಯಲ್ಲಿ ಅವರು ಮೆಕ್ಸಿಕೋ ನಗರದಲ್ಲಿ ಕಟ್ಟಿದ್ದು ಅಂದಿನ ಯೂರೋಪಿನ ಅಚ್ಚಿನ ಅಪಾರ್ಟ್‌ಮೆಂಟುಗಳನ್ನು. ತೋಟದ ಸುಳಿವೇ ಇಲ್ಲ. ಇಂದು ಅವರ ಹೆಸರಿನೊಡನೆ ನೆನಪಾಗುವ ದಪ್ಪ ಗೋಡೆ, ಮುಚ್ಚಿದ ಅಂಗಳ, ಬೀದಿಗೆ ಬೆನ್ನು ಹಾಕಿದ ಮನೆ ಬಂದದ್ದು 1940ರ ನಂತರ. ತಕುಬಾಯಾದ ಅವರ ಸ್ವಂತ ಮನೆ 1948ರದ್ದು. ಬಾಲ್ಯ ತಾನಾಗಿ ಜಿನುಗಿ ಬಂದಿಲ್ಲ, ನಲವತ್ತು ದಾಟಿದ ಮೇಲೆ ಹುಡುಕಿ ತೆಗೆದುಕೊಂಡದ್ದು. ತೆಗೆದುಕೊಂಡದ್ದಾದರೂ ಏನನ್ನು? ಆ ಹಳ್ಳಿಯಲ್ಲಿ ನೀರು ಸೂರುಗಳ ಮೇಲೆ ಹರಿಯುತ್ತಿತ್ತು, ಕೊರೆದ ಮರದ ದಿಮ್ಮಿಗಳ ದೋಣಿಯಲ್ಲಿ, ಕವಲು ಕಂಬಗಳ ಆಸರೆಯಲ್ಲಿ. ಅವರ 1960ರ ದಶಕದ ಸಾನ್ ಕ್ರಿಸ್ಟೋಬಲ್ ಕುದುರೆ ಲಾಯದಲ್ಲಿ ಮರದ ದಿಮ್ಮಿಯೂ ಇಲ್ಲ, ಕವಲು ಕಂಬವೂ ಇಲ್ಲ. ಎತ್ತರದ ಬಣ್ಣದ ಗೋಡೆಯ ಸೀಳಿನಿಂದ ನೀರು ಧುಮುಕುತ್ತದೆ, ಅಷ್ಟೇ. ನೀರು ತಲೆಯ ಮೇಲಿನಿಂದ ಬರುತ್ತದೆ ಎಂಬ ಒಂದೇ ಸಂಬಂಧ ದಾಟಿ ಬಂದಿದೆ.

ಇನ್ನೊಂದು ಗುಂಪು ತಿರುಗಿಬಿದ್ದವರದು. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ದಿಯೆಬೆದೊ ಫ್ರಾನ್ಸಿಸ್ ಕೆರೆ ಓದಿದ್ದು ನೂರಕ್ಕೂ ಹೆಚ್ಚು ಮಕ್ಕಳನ್ನು ತುಂಬಿದ್ದ, ಗಾಳಿಯಾಡದ ಸಿಮೆಂಟ್ ತರಗತಿಯಲ್ಲಿ. ಅವರ ಮೊದಲ ಕಟ್ಟಡ, ಹುಟ್ಟೂರಿನಲ್ಲಿ ಕಟ್ಟಿದ 2001ರ ಗಾಂಡೋ ಶಾಲೆ, ಅದಕ್ಕೆ ಬಿಂದು ಬಿಂದುವಿಗೂ ಉತ್ತರ: ಒತ್ತಿದ ಮಣ್ಣಿನ ಇಟ್ಟಿಗೆ ಗೋಡೆ, ತೂತುಗಳಿರುವ ಒಳಸೂರು, ಅದರ ಮೇಲೆ ಸಂದು ಬಿಟ್ಟು ಕಂಬಿಗಳ ಚೌಕಟ್ಟಿನ ಮೇಲೆ ನಿಲ್ಲಿಸಿದ ತಗಡು. ಬಿಸಿಗಾಳಿ ತೂತಿನಿಂದ ಮೇಲೇರಿ ಸಂದಿನಲ್ಲಿ ಹೊರಬೀಳುತ್ತದೆ. ಕೆಟ್ಟ ನೆನಪು ಒಳ್ಳೆಯ ನೆನಪಿಗಿಂತ ನಿಖರವಾದ ಕಡತ. ಏನು ತಪ್ಪಿತ್ತು ಎಂಬುದು ಅದರಲ್ಲೇ ಬರೆದಿರುತ್ತದೆ.

ಮೂರನೆಯವರು ಜಪಾನಿನ ವಾಸ್ತುಶಿಲ್ಪಿ ಟಡಾವೊ ಆಂಡೊ, ಎರಡೂ ಗುಂಪಿಗೆ ಸೇರದವರು. ಒಸಾಕಾದಲ್ಲಿ ಅಜ್ಜಿಯ ಜೊತೆ ಇಕ್ಕಟ್ಟಾದ, ಕತ್ತಲೆಯ, ಚಳಿ ಹೊಡೆಯುವ ಸಾಲುಮನೆಯಲ್ಲಿ ಬೆಳೆದರು. ಅವರು ಕಟ್ಟಿದ 1976ರ ಸುಮಿಯೋಶಿ ಮನೆ ನೋಡಿ. 3.3 ಮೀಟರ್ ಅಗಲ, 14.1 ಮೀಟರ್ ಉದ್ದ. ಮೂರು ಪಾಲು ಮಾಡಿ ನಡುವಿನ ಪಾಲನ್ನು ಆಕಾಶಕ್ಕೆ ಬಿಟ್ಟರು. ಬೆಳಕಿನ ಬರ ನೀಗಿತು. ಚಳಿ ಮಾತ್ರ ಹಾಗೇ ಉಳಿಯಿತು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ಮಳೆಯಲ್ಲಿ ಕೊಡೆ ಹಿಡಿಯಲೇಬೇಕು. ಅಂದರೆ ಬಾಲ್ಯದ ಒಂದು ಕಷ್ಟವನ್ನು ತಿದ್ದಿ, ಇನ್ನೊಂದನ್ನು ಗುಣವೆಂದು ಉಳಿಸಿಕೊಂಡರು. ಆ ಆಯ್ಕೆ ಮನೆಯವರಿಗೆ ಒಪ್ಪಿಗೆಯಾಗಿದ್ದಕ್ಕೆ ನಡೆಯಿತು. ಎಲ್ಲರ ಮೇಲೂ ಹೇರುವಂಥದ್ದಲ್ಲ.

ಅರೆಇಟ್ಟಿಗೆ
ಬರ್ರಾಗಾನ್ ವಿಷಯದಲ್ಲಿ ಸೋತೆ. "ಜಿನುಗಿ ಬಂದಿಲ್ಲ, ಹುಡುಕಿ ತೆಗೆದದ್ದು" ಅನ್ನುವುದಾದರೆ ನನ್ನ ಜಗಳವೇ ಇಲ್ಲ. ರೈಟ್ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಆ ಆಟದ ಮೇಜಿನ ಮೇಲೆ ನಾಲ್ಕು ನಾಲ್ಕು ಇಂಚಿಗೆ ಗೆರೆ ಎಳೆದ ಚೌಕಗಳಿದ್ದವಂತೆ. ಅವರೇ ಕಟ್ಟಿದ 1937ರ ಜೇಕಬ್ಸ್ ಮನೆಯ ನೆಲದಲ್ಲಿ 2 ಅಡಿಗೆ 4 ಅಡಿಯ ಚೌಕುಳಿ ಕಣ್ಣಿಗೇ ಕಾಣುತ್ತದೆ, ಗೋಡೆಗಳೆಲ್ಲ ಅದರ ಗೆರೆಗೇ ಕೂತಿವೆ. ಹೋಲಿಕೆ ಇದೆ. ಕಾರಣ ಅದೇ ಅಂತ ಮಾತ್ರ ಸಾಕ್ಷಿ ಹೇಳಲಾರೆ.

ನೆರಳುಗೆರೆ
ಸೂರಂಚು ಅವರು ಹೇಳಿದ "ಸಂಬಂಧ ದಾಟಬೇಕು, ವಸ್ತುವಲ್ಲ" ಎಂಬುದಕ್ಕೆ ಒಳಅಂಗಳಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಅತಿ ಹೆಚ್ಚು ನಕಲಾಗುವುದೂ ಇದೇ, ಅತಿ ಹೆಚ್ಚು ಕೈಕೊಡುವುದೂ ಇದೇ.

ನೆನಪಿನ ಅಂಗಳ ಸಾಮಾನ್ಯವಾಗಿ ಒಂದೇ ಅಂತಸ್ತಿನ ಮನೆಯದು. ಹೊಸ ನಕ್ಷೆ ಎರಡು ಅಂತಸ್ತಿನದು, ನಿವೇಶನ ಚಿಕ್ಕದು, ಅಂಗಳದ ಅಗಲ 3 ಮೀಟರಿಗೆ ಕುಗ್ಗಿರುತ್ತದೆ. ಅಂಗಳಕ್ಕೆ ತೆರೆದ ಕೋಣೆಯಲ್ಲಿ ಕೂತವರಿಗೆ ಎಷ್ಟು ಒಳಗಿನವರೆಗೆ ಆಕಾಶ ಕಾಣುತ್ತದೆ ಎಂಬುದನ್ನು ಒಂದು ಸರಳ ಭಾಗಾಕಾರದಲ್ಲಿ ಕಂಡುಹಿಡಿಯಬಹುದು. ಮೇಜಿನ ಮಟ್ಟ, ಅಂದರೆ ನೆಲದಿಂದ 0.8 ಮೀಟರ್, ಇದನ್ನು ಸೊನ್ನೆ ಎಂದು ಹಿಡಿಯಿರಿ. ಕಿಟಕಿಯ ಲಿಂಟಲ್ (ಮೇಲಂಚಿನ ತೊಲೆ) ಅದಕ್ಕಿಂತ ಎಷ್ಟು ಮೇಲಿದೆಯೋ ಅದನ್ನು ಅಂಗಳದ ಅಗಲದಿಂದ ಗುಣಿಸಿ. ಎದುರು ಗೋಡೆಯ ತುದಿ ಲಿಂಟಲಿಗಿಂತ ಎಷ್ಟು ಎತ್ತರವೋ ಅದರಿಂದ ಭಾಗಿಸಿ. ಬಂದ ಉತ್ತರವೇ ಆಳ. ಅಲ್ಲಿಂದ ಒಳಗೆ ಕೂತವರಿಗೆ ಆಕಾಶದ ಚೂರೂ ಕಾಣದು.

ಹಳೆಯ ಮನೆ: ಸೂರಿನಂಚು 3.2 ಮೀಟರ್, ಲಿಂಟಲ್ 2.1, ಅಂಗಳ 4 ಮೀಟರ್. 1.3 ಅನ್ನು 4ರಿಂದ ಗುಣಿಸಿ 1.1ರಿಂದ ಭಾಗಿಸಿದರೆ 4.7 ಮೀಟರ್. ಕೋಣೆಯ ಹಿಂಗೋಡೆಯವರೆಗೂ ಆಕಾಶ.

ಹೊಸ ಮನೆ: ಪ್ಯಾರಾಪೆಟ್ (ತಾರಸಿಯ ಅಂಚುಗೋಡೆ) 6.5 ಮೀಟರ್, ಲಿಂಟಲ್ ಅದೇ 2.1, ಅಂಗಳ 3 ಮೀಟರ್. 1.3 ಅನ್ನು 3ರಿಂದ ಗುಣಿಸಿ 4.4ರಿಂದ ಭಾಗಿಸಿ: 0.9 ಮೀಟರ್. ಕಿಟಕಿಗೆ ಅಂಟಿಕೊಂಡು ನಿಂತವರಿಗಷ್ಟೇ ಆಕಾಶ. ಹಗಲಲ್ಲೂ ದೀಪ ಹಾಕಬೇಕಾದ "ಅಂಗಳದ ಮನೆ" ಹುಟ್ಟುವುದು ಹೀಗೆ.

ಅಂಗಳವನ್ನು 4.5 ಮೀಟರಿಗೆ ಹಿಗ್ಗಿಸಿದರೂ ಆಳ 1.3 ಮೀಟರ್ ಅಷ್ಟೇ. ಅದೇ ಅಗಲ 3 ಮೀಟರಿನಲ್ಲೇ ಬಿಟ್ಟು ಲಿಂಟಲನ್ನು 2.7ಕ್ಕೆ ಏರಿಸಿದರೆ 1.5 ಮೀಟರ್ ಸಿಗುತ್ತದೆ. ಒಂದೂವರೆ ಮೀಟರ್ ಜಾಗಕ್ಕಿಂತ 60 ಸೆಂಮೀ ಎತ್ತರದ ಕಿಟಕಿ ಮೇಲು. ಇನ್ನೂ ಒಳ್ಳೆಯದು ಎದುರು ಬದಿಯ ಮೇಲಂತಸ್ತನ್ನೇ ಹಿಂದಕ್ಕೆ ಸರಿಸುವುದು, ಅಥವಾ ಒಂದು ಬದಿಯನ್ನು ಒಂದೇ ಅಂತಸ್ತಿಗೆ ನಿಲ್ಲಿಸುವುದು. ಗೋಡೆಗೆ ತಿಳಿಬಣ್ಣ ಬಳಿದರೆ ಪ್ರತಿಫಲಿತ ಬೆಳಕು ಹೆಚ್ಚುತ್ತದೆ ನಿಜ, ಆಕಾಶ ಹೆಚ್ಚುವುದಿಲ್ಲ.

ನೀರಿನ ಲೆಕ್ಕವನ್ನೂ ಮರೆಯುತ್ತಾರೆ. ಅಂಗಳ 12 ಚದರ ಮೀಟರ್, ಅದರೊಳಕ್ಕೆ ಇಳಿಯುವ ಸೂರು 60, ಒಟ್ಟು 72. ಗಂಟೆಗೆ 100 ಮಿಮೀ ಸುರಿದರೆ ಸೆಕೆಂಡಿಗೆ ಎರಡು ಲೀಟರ್. ಸರಿಯಾದ ಇಳಿಜಾರಿನಲ್ಲಿ ಒಂದು 100 ಮಿಮೀ ಕೊಳವೆ ಅದನ್ನು ಸಲೀಸಾಗಿ ಸಾಗಿಸುತ್ತದೆ. ಆದರೆ ನಾಲ್ಕು ಎಲೆ ಬಾಯಿಗೆ ಅಡ್ಡ ಕೂತರೆ? ಅಂಗಳ ಕೋಣೆಗಿಂತ 150 ಮಿಮೀ ತಗ್ಗಿದ್ದರೆ ನೀರು ಹೊಸ್ತಿಲು ಮುಟ್ಟಲು ಹದಿನೈದೇ ನಿಮಿಷ. ಆದ್ದರಿಂದ ಎದುರುಬದುರು ಮೂಲೆಯಲ್ಲಿ ಎರಡು ಬಾಯಿ ಕೊಡಿ, ಎರಡನೆಯದು ನೆಲಕ್ಕಿಂತ 50 ಮಿಮೀ ಮೇಲಿರಲಿ. ಮೊದಲನೆಯದು ಕಟ್ಟಿಕೊಂಡರೆ ಇದು ಹರಿಯುತ್ತದೆ, ಕಟ್ಟಿಕೊಂಡಿದೆ ಎಂದು ಗೊತ್ತೂ ಆಗುತ್ತದೆ.

ಕಡಪಾಯ
ಮೇಲೆ ಗಾಜು ಮುಚ್ಚಿಬಿಟ್ಟರೆ ನೀರಿನ ರಗಳೆಯೇ ಇರೋದಿಲ್ಲವಲ್ಲ ಸರ್?

ನೆರಳುಗೆರೆ
ನೀರಿನ ರಗಳೆ ಹೋಗಿ ಬಿಸಿಯ ರಗಳೆ ಬರುತ್ತದೆ. ಅಂಗಳ ಹೊಗೆಗೂಡಿನಂತೆ ಬಿಸಿಗಾಳಿಯನ್ನು ಮೇಲಕ್ಕೆ ಬಿಡುವ ಕೆಲಸ ಮಾಡುತ್ತಿರುತ್ತದೆ, ಅದರ ಬಾಯಿಗೇ ಮುಚ್ಚಳ ಹಾಕಿದಂತೆ. ಮುಚ್ಚಲೇಬೇಕೆಂದರೆ ಗಾಜಿನ ಅಂಚು ಪ್ಯಾರಾಪೆಟ್ಟಿಗಿಂತ ಕನಿಷ್ಠ 300 ಮಿಮೀ ಮೇಲೆ ನಿಂತು ಸುತ್ತಲೂ ಜಾಲರಿ ಇರಲಿ, ಗಾಜು ಗೋಡೆಯಾಚೆ 450 ಮಿಮೀ ಚಾಚಿರಲಿ, ಒರೆಸಲು ಏಣಿ ಎಲ್ಲಿಡುವುದು ಎಂಬುದು ನಕ್ಷೆಯಲ್ಲೇ ಇರಲಿ. ಈ ಕೊನೆಯದನ್ನು ಬಿಟ್ಟರೆ ಎರಡು ವರ್ಷಕ್ಕೆ ಗಾಜು ಮಣ್ಣಿನ ಬಣ್ಣ. ಅಷ್ಟಾದರೂ ಮಳೆ ಅಂಗಳಕ್ಕೆ ಬೀಳುವುದಿಲ್ಲ. ಮನೆಯವರ ನೆನಪಿನಲ್ಲಿದ್ದದ್ದು ಮಳೆಯೇ ಆಗಿದ್ದರೆ ಇಷ್ಟೆಲ್ಲ ಖರ್ಚು ಯಾತಕ್ಕೆ?

ಮೊಳಗೋಲು
ಆ ಕೊನೆಯ ಪ್ರಶ್ನೆಯನ್ನು ನಕ್ಷೆಗೆ ಮೊದಲೇ ಕೇಳುವ ವಿಧಾನ ಒಂದಿದೆ. "ನಿಮಗೆ ಯಾವ ಥರ ಮನೆ ಇಷ್ಟ" ಎಂದು ಕೇಳಿದರೆ ಫೋಟೋ ತೋರಿಸುತ್ತಾರೆ. ಅದರ ಬದಲು ಒಂದು ಎ3 ಹಾಳೆ, ಪೆನ್ಸಿಲ್, ಇಪ್ಪತ್ತು ನಿಮಿಷ ಕೊಟ್ಟು, ಎಂಟು ವಯಸ್ಸಿನ ಸುಮಾರಿಗೆ ವಾಸವಿದ್ದ ಮನೆಯ ನಕ್ಷೆ ಬರೆಯಲು ಹೇಳಿ. ಸ್ಕೇಲು ಬೇಡ, ಅಳಿಸುವ ರಬ್ಬರೂ ಬೇಡ. ಮೊದಲು ಬಾಗಿಲುಗಳು, ಆಮೇಲೆ ಗೋಡೆಗಳು. ಬಾಗಿಲಿನಿಂದ ಹೊರಟರೆ ಓಡಾಟ ನೆನಪಾಗುತ್ತದೆ, ಗೋಡೆಯಿಂದ ಹೊರಟರೆ ಬರೀ ಪೆಟ್ಟಿಗೆಗಳು ಬರುತ್ತವೆ.

ಬರೆದ ಮೇಲೆ ಮೂರು ಬಣ್ಣದಲ್ಲಿ ಗುರುತು: ಬೆಳಕು ಎಲ್ಲಿಂದ, ಸದ್ದು ಎಲ್ಲಿಂದ, ಬೈಗುಳ ತಪ್ಪಿಸಿಕೊಳ್ಳಲು ಓಡುತ್ತಿದ್ದದ್ದು ಎಲ್ಲಿಗೆ. ಹಾಳೆಯಲ್ಲಿ ಖಾಲಿ ಉಳಿದ ಜಾಗವೂ ಮಾಹಿತಿಯೇ. ಕೋಣೆಗಳ ಜೋಡಣೆ ಸಾಮಾನ್ಯವಾಗಿ ಸರಿ ಇರುತ್ತದೆ, ಅಳತೆ ಕೆಟ್ಟಿರುತ್ತದೆ. ತೂಗುಗುಂಡು ಅವರು ಕಾರಣ ಆಗಲೇ ಹೇಳಿದ್ದಾರೆ. ಮನೆ ಇನ್ನೂ ನಿಂತಿದ್ದರೆ ಟೇಪು ಹಿಡಿದು ಅಳೆದು, ನೆನಪಿನ ಅಳತೆಯ ಪಕ್ಕದಲ್ಲೇ ಬರೆದಿಡಿ.

ನಂತರದ ಹೆಜ್ಜೆಯೇ ನಿಜವಾದ ಕೆಲಸ. ಪ್ರತಿ ಗುರುತಿನ ಹೆಸರು ಹೊಡೆದುಹಾಕಿ, ಅದು ಏನು ಮಾಡುತ್ತಿತ್ತು ಎಂದು ಬರೆಯಿರಿ. "ಅಟ್ಟ" ಅಲ್ಲ, "ಒಬ್ಬರೇ ಇದ್ದರೂ ಕೆಳಗಿನ ಮಾತು ಕೇಳಿಸುವ ಜಾಗ". ಹಾಗೆ ಬರೆದ ಕ್ಷಣ ಅಟ್ಟದ ಹಂಗು ತಪ್ಪುತ್ತದೆ. ಮೆಟ್ಟಿಲಿನ ನಡುಹಾಸನ್ನು (ಲ್ಯಾಂಡಿಂಗ್) 1.2 ಮೀಟರ್ ಆಳಕ್ಕೆ ಹಿಗ್ಗಿಸಿ, ಒಂದು ಕಟ್ಟೆ, ಓದುವ ದೀಪ ಕೊಟ್ಟರೂ ಅದೇ ಕೆಲಸ ಆಗುತ್ತದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಬೆಳೆದ ಕೂಡುಕುಟುಂಬದ ಮನೆ, ಮಂದಿ ಹೆಚ್ಚಿದಂತೆ ಬೆಳೆಯುತ್ತ ಹೋದದ್ದು. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಅವರು ತಂದದ್ದು ಆ ಮನೆಯ ಆಕಾರವನ್ನಲ್ಲ, ಬೆಳೆಯುವ ಗುಣವನ್ನು. ಅಡಿಪಾಯ, ನೀರು-ಶೌಚದ ಕೋಣೆ, ಹೆಚ್ಚೆಂದರೆ ಒಂದು ವಾಸದ ಕೋಣೆ ಕೊಟ್ಟು ಉಳಿದದ್ದನ್ನು ಮನೆಯವರಿಗೇ ಬಿಟ್ಟರು.

ದಂಪತಿಗಳಿದ್ದರೆ ಇಬ್ಬರಿಗೂ ಬೇರೆ ಬೇರೆ ಕೂರಿಸಿ ಬರೆಸಿ, ಇಲ್ಲವಾದರೆ ಒಬ್ಬರು ಬರೆದು ಇನ್ನೊಬ್ಬರು ತಲೆಯಾಡಿಸುತ್ತಾರೆ. ಒಬ್ಬರದು ಬಾಗಿಲೇ ಮುಚ್ಚದ ಮನೆ, ಇನ್ನೊಬ್ಬರದು ಬಾಗಿಲು ಹಾಕಿಕೊಂಡು ಓದಿದ ಮನೆ ಅಂದುಕೊಳ್ಳಿ. ನಡುದಾರಿ ಎಂದು ಜಾರುಬಾಗಿಲು ಹಾಕುವುದು ರೂಢಿ. ಅದು ತಪ್ಪು. ಜಾರುಬಾಗಿಲು ನೋಟವನ್ನಷ್ಟೇ ತಡೆಯುತ್ತದೆ, ಸುತ್ತಲಿನ ಸಂದಿನಿಂದ ಸದ್ದು ನುಗ್ಗುತ್ತದೆ. ನಿಶ್ಶಬ್ದ ಬೇಕಾದವರ ಕೋಣೆಗೆ ಒಳಗೆ ಟೊಳ್ಳಿಲ್ಲದ, ಹಿಂಜಿನ ಮೇಲೆ ತಿರುಗುವ ಬಾಗಿಲೇ ಬೇಕು. ಕೆಳಗಿನ 10 ಮಿಮೀ ಸಂದಿಗೆ ತಾನೇ ಇಳಿಯುವ ರಬ್ಬರ್ ಪಟ್ಟಿ ಹಾಕಿ. ಜಾರುಬಾಗಿಲು ಪಡಸಾಲೆಗಿರಲಿ.

ಸೂರಂಚು
ಮೊಳಗೋಲು ಅವರ ವಿಧಾನಕ್ಕೆ ಒಂದು ಎಚ್ಚರಿಕೆ. ಎಲ್ಲರ ಬಾಲ್ಯದ ಮನೆಯೂ ಸುಖದ ಮನೆಯಲ್ಲ. ಪೆನ್ಸಿಲ್ ನಿಂತರೆ ಕೆದಕಬೇಡಿ, ಈಗಿನ ಮನೆಯ ನಕ್ಷೆ ಬರೆಯಲು ಹೇಳಿ ಮುಂದೆ ಹೋಗಿ. ಆ ಹಾಳೆ ಕಚೇರಿಯ ಗೋಡೆಗೂ ಏರಬಾರದು, ಕಡತಕ್ಕೂ ಸೇರಬಾರದು. ಕೆಲಸ ಮುಗಿದ ಮೇಲೆ ಬರೆದವರಿಗೇ ಹಿಂದಿರುಗಿಸಿ.

ಕಡಪಾಯ
ಕಿಟಕಿಕಟ್ಟೆ ಬಗ್ಗೆ ಯಾರಾದರೂ ಹೇಳಿ. ಎಲ್ಲರ ಪಟ್ಟಿಯಲ್ಲೂ ಇರೋದು ಅದೇ, ಕಟ್ಟಿದ ಮೇಲೆ ಯಾರೂ ಕೂರಲ್ಲ.

ತೂಗುಗುಂಡು
ಕೂರದಿರುವುದಕ್ಕೆ ಹೆಚ್ಚಾಗಿ ಆಳವೇ ಕಾರಣ. ಗೋಡೆಯ ದಪ್ಪ 230 ಮಿಮೀ ಇದೆ ಎಂದು ಅಷ್ಟರಲ್ಲೇ ಕಟ್ಟೆ ಮಾಡಿದರೆ ಹೂಕುಂಡ ಇಡಬಹುದು, ಅಷ್ಟೇ. ಹಳೆಯ ದಪ್ಪ ಗೋಡೆ ಪುಕ್ಕಟೆ ಕೊಡುತ್ತಿದ್ದ ಆಳವನ್ನು ಈಗ ಬೇಕೆಂದೇ ಕಟ್ಟಬೇಕು. ಕಾಲು ಇಳಿಬಿಟ್ಟು ಕೂರಲು 450 ಮಿಮೀ, ಕಾಲು ಮೇಲೆ ಮಡಚಿ ಒರಗಲು 600ರಿಂದ 750. ಉದ್ದ ಕನಿಷ್ಠ 1.2 ಮೀಟರ್. ಕಟ್ಟೆಯ ಎತ್ತರ ದಿಂಬು ಸೇರಿ 450. ನೂರು ಮಿಮೀ ಫೋಮು ಕೂತಾಗ ಮೂರನೇ ಒಂದು ಪಾಲು ಕುಗ್ಗುತ್ತದೆ, ಅದನ್ನು ಕಳೆದೇ ಕಲ್ಲು ಕೂರಿಸಿ. ಬೆನ್ನು ಒರಗುವ ಪಕ್ಕದ ಗೋಡೆಗೆ ಮೂಲೆ ಚೂಪಾಗಿ ಬಿಡಬೇಡಿ. ಸ್ವಿಚ್ಚು, ಸಾಕೆಟ್ಟು ಕೂತವರ ಭುಜದ ಹಿಂದೆ ಬರದಿರಲಿ.

ಎರಡನೇ ಕಾರಣ ಬಿಸಿಲು. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟೆ ಓದಲು ಹೊತ್ತು ಸಿಗುವ ಸಂಜೆಯಲ್ಲೇ ಕಾದು ಕೂತಿರುತ್ತದೆ. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಸಜ್ಜಾ ಎಷ್ಟು ಚಾಚಿದರೂ ತಡೆಯುವುದಿಲ್ಲ, ಹೊರಗಿನಿಂದ ಲಂಬ ಪಟ್ಟಿಗಳೋ ಮುಚ್ಚುವ ಬಾಗಿಲುಗಳೋ ಬೇಕು. ಚಳಿ ಇರುವೆಡೆ ಇದೇ ಕಟ್ಟೆ ಗಾಜಿನ ತಣ್ಣನೆಯ ಗಾಳಿ ಇಳಿದು ಕೂರುವ ಜಾಗ.

ಮೂರನೆಯದು ಮಳೆ. ಕಿಟಕಿಯ ಹೊರ ತಳ ಹೊರಗೆ ವಾಲಿರಬೇಕು, 100 ಮಿಮೀಗೆ 10 ಮಿಮೀ ಸಾಕು. ಅಂಚಿನ ಅಡಿಯಲ್ಲಿ ನೀರು ಕತ್ತರಿಸುವ ಸಣ್ಣ ತೋಡುಗೆರೆ ಇರಬೇಕು. ಅದಿಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ದಿಂಬು ಮುಗ್ಗಲು.

ಕೊನೆಯದಾಗಿ, ಕಟ್ಟೆ 450 ಇದ್ದಲ್ಲಿ ಮಗು ಹತ್ತಿ ನಿಲ್ಲುತ್ತದೆ. ರಕ್ಷಣೆಯ ಎತ್ತರವನ್ನು ನೆಲದಿಂದಲ್ಲ, ಕಟ್ಟೆಯ ಮೇಲಿನಿಂದ 1 ಮೀಟರ್ ಲೆಕ್ಕ ಹಾಕಿ. ಸರಳುಗಳು ಲಂಬವಾಗಿರಲಿ, ನಡುವೆ 100 ಮಿಮೀಗಿಂತ ಕಡಿಮೆ ಸಂದಿರಲಿ. ಅಡ್ಡ ಸರಳು ಹಾಕಿದರೆ ಮಗುವಿಗೆ ಏಣಿ ಕೊಟ್ಟಂತೆ.

ರಸಮಟ್ಟ
ಎಲ್ಲರೂ ಕಣ್ಣಿನ ಬಗ್ಗೆಯೇ ಹೇಳಿದಿರಿ. ಕೈಗೆ ನೆನಪಿರುವುದರ ವಿಷಯ? ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪೀಟರ್ ಜುಮ್ಥೋರ್ ಅವರು ಬಾಲ್ಯದ ಬಗ್ಗೆ ಬರೆಯುವಾಗ ಮೊದಲು ಎತ್ತಿಕೊಳ್ಳುವುದು ಸೋದರತ್ತೆಯೋ ಚಿಕ್ಕಮ್ಮನೋ ಅವರ ತೋಟದ ಬಾಗಿಲ ಹಿಡಿಯನ್ನು, ಚಮಚದ ಬೆನ್ನಿನಂತೆ ಉಬ್ಬಿದ್ದ ಲೋಹದ ಹಿಡಿ.

ಅರೆಇಟ್ಟಿಗೆ
ಅದಕ್ಕೂ ಮೊಳಗೋಲು ಅವರ ಮದ್ದೇ. ಹೆಸರು ಹೊಡೆದುಹಾಕಿ, ಕೆಲಸ ಬರೆಯಿರಿ: ಅಂಗೈ ತುಂಬಬೇಕು, ಅಂಚು ಚುಚ್ಚಬಾರದು. ಉಬ್ಬಿದ ಗುಂಡು ಹಿಡಿಯನ್ನೇ ಹಾಕಿದರೆ ಒದ್ದೆ ಕೈಗೆ ಜಾರುತ್ತದೆ, ಬೆರಳ ಸಂದು ನೋಯುವವರಿಗೆ ತಿರುಗಿಸಲಾಗದು. ಅದೇ ಉಬ್ಬನ್ನು ಸನ್ನೆ ಹಿಡಿಯ (ಕೆಳಗೆ ಒತ್ತಿ ತೆರೆಯುವ ಲಿವರ್) ತುದಿಗೆ ತನ್ನಿ, 20-22 ಮಿಮೀ ದಪ್ಪ, ಬಾಗಿಲಿನಿಂದ 45 ಮಿಮೀ ದೂರ, ನೆಲದಿಂದ 950 ಮಿಮೀ ಎತ್ತರ. 45ಕ್ಕಿಂತ ಕಡಿಮೆಯಾದರೆ ಗೆಣ್ಣು ಉಜ್ಜುತ್ತದೆ. ಹಿತ್ತಾಳೆಗೆ ಲ್ಯಾಕರ್ (ಹೊಳಪು ಉಳಿಸುವ ತೆಳು ಲೇಪ) ಬಳಿಸಬೇಡಿ. ಕೈ ತಾಗುವಲ್ಲೇ ಅದು ಮೊದಲು ಸುಲಿಯುತ್ತದೆ, ಆಮೇಲೆ ಹಿಡಿ ಚುಕ್ಕೆಚುಕ್ಕೆಯಾಗಿ ಕಪ್ಪಾಗುತ್ತದೆ. ಬರಿಯ ಹಿತ್ತಾಳೆಯಾದರೆ ಹಿಡಿಯುವ ಜಾಗ ಹೊಳೆಯುತ್ತಲೇ ಇರುತ್ತದೆ.